2050ರ ಹುಡುಗಿ ಎಷ್ಟು ಓದಿರುತ್ತಾಳೆ?

ಆಸ್ಟ್ರಿಯಾದ ವಿಯೆನ್ನಾದಲ್ಲಿ ವಿಟ್‌ಗೆನ್‌ಸ್ಟೈನ್ ಕೇಂದ್ರ ಎಂಬ ಜನಸಂಖ್ಯಾ ಅಧ್ಯಯನ ಸಂಸ್ಥೆಯಿದೆ. ಯಾವ ದೇಶದಲ್ಲಿ, ಯಾವ ವಯಸ್ಸಿನ ಎಷ್ಟು ಹೆಣ್ಣುಮಕ್ಕಳು, ಎಷ್ಟು ಗಂಡುಮಕ್ಕಳು ಎಲ್ಲಿಯವರೆಗೆ ಓದಿರಬಹುದು ಎಂದು ಅದು 2100ರವರೆಗೂ ಲೆಕ್ಕ ಹಾಕಿಟ್ಟಿದೆ. ಅದರಲ್ಲಿ 15ರಿಂದ 19 ವರ್ಷದ ಹುಡುಗಿಯರ ಸಾಲನ್ನಷ್ಟೇ ಹಿಡಿದು ಕೀನ್ಯಾ, ನೈಜರ್ ದೇಶಗಳನ್ನು ಅಕ್ಕಪಕ್ಕ ಇಟ್ಟರೆ ಅಂತರ ಎದ್ದು ಕಾಣುತ್ತದೆ. ಕೀನ್ಯಾದ ಬಹುಪಾಲು ಹುಡುಗಿಯರು ಪ್ರಾಥಮಿಕ ಶಾಲೆ ದಾಟಿದ್ದಾರೆ. ನೈಜರ್‌ನಲ್ಲಿ (ನೈಜೀರಿಯಾ ಅಲ್ಲ, ಅದರ ಉತ್ತರಕ್ಕಿರುವ ಬೇರೆ ದೇಶ) ಶಾಲೆಯ ಮೆಟ್ಟಿಲನ್ನೇ ಹತ್ತದವರು ಇನ್ನೂ ಬಹಳ. ಇದನ್ನು ನೋಡಿ ನಾವು ಕಟ್ಟಿಕೊಳ್ಳುವ ನಂಬಿಕೆಗಳಲ್ಲೇ ತಪ್ಪುಗಳು ಸೇರಿಕೊಳ್ಳುತ್ತವೆ.

“ಮುಂದೆ ಹೀಗೇ ಆಗುತ್ತದೆ ಎಂದು ತಜ್ಞರು ಹೇಳಿಬಿಟ್ಟಿದ್ದಾರೆ.”

ಹೇಳಿಲ್ಲ. ಒಂದೇ ದೇಶಕ್ಕೆ ಅವರು ಹಲವು ದಾರಿಗಳನ್ನು ಲೆಕ್ಕ ಹಾಕುತ್ತಾರೆ: ಶಾಲೆಗಳು ವೇಗವಾಗಿ ಹೆಚ್ಚಿದರೆ ಏನಾದೀತು, ಈಗಿನ ಗತಿಯಲ್ಲೇ ಸಾಗಿದರೆ ಏನು, ಪ್ರಗತಿ ನಿಂತೇಹೋದರೆ ಏನು. ಈ ದಾರಿಗಳ ನಡುವೆ ನೈಜರ್‌ನ ಹುಡುಗಿಯ ಭವಿಷ್ಯ ಅಜಗಜಾಂತರವಾಗುತ್ತದೆ. 2035ರಲ್ಲಿ 15 ದಾಟುವ ಹುಡುಗಿಯರು ಈಗಾಗಲೇ ಹುಟ್ಟಿಯಾಗಿದೆ, ಆದ್ದರಿಂದ ಅವರ ಸಂಖ್ಯೆಯ ಅಂದಾಜು ಹೆಚ್ಚು ತಪ್ಪುವುದಿಲ್ಲ. ಅವರು ಓದುತ್ತಾರೋ ಇಲ್ಲವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.

“ಪ್ರೌಢಶಿಕ್ಷಣ ಮುಗಿಸಿದವರ ಪ್ರಮಾಣ ನೋಡಿದರೆ ಎಲ್ಲ ಗೊತ್ತಾಗುತ್ತದೆ.”

ಈ ವಯಸ್ಸಿನ ಗುಂಪಿನಲ್ಲಿ ಗೊತ್ತಾಗುವುದಿಲ್ಲ. ಕೀನ್ಯಾದಲ್ಲಿ 6ನೇ ವಯಸ್ಸಿಗೆ ಶಾಲೆ ಸೇರಿದ ಹುಡುಗಿ ಎಲ್ಲೂ ನಿಲ್ಲದೆ ಓದಿದರೆ 18ಕ್ಕೆ ಪ್ರೌಢ ಹಂತ ಮುಗಿಸುತ್ತಾಳೆ. ನೈಜರ್‌ನಲ್ಲಿ ಶಾಲೆ ಶುರುವಾಗುವುದೇ 7ಕ್ಕೆ. 6 ವರ್ಷ ಪ್ರಾಥಮಿಕ, 4 ವರ್ಷ ಕೊಲೇಜ್ ಎನ್ನುವ ಮಾಧ್ಯಮಿಕ ಹಂತ, 3 ವರ್ಷ ಲಿಸೆ ಎನ್ನುವ ಪ್ರೌಢ ಹಂತ. ಒಂದು ವರ್ಷವೂ ಫೇಲಾಗದೆ ಬಾಕಲೋರಿಯಾ ಪರೀಕ್ಷೆ ಮುಗಿಸುವಾಗ ಅವಳಿಗೆ 20. ಅಂದರೆ ಅತ್ಯಂತ ಚುರುಕಿನ ಹುಡುಗಿಯೂ 15–19ರ ಸಾಲಿನಲ್ಲಿ “ಪ್ರೌಢಶಿಕ್ಷಣ ಮುಗಿಸದವಳು” ಎಂದೇ ದಾಖಲಾಗುತ್ತಾಳೆ! ಮುಗಿಸಿದವರನ್ನು ಎಣಿಸಬೇಕಿದ್ದರೆ 25–29ರ ಸಾಲು ನೋಡಬೇಕು. ಹದಿಹರೆಯದ ಸಾಲು ನಿಜವಾಗಿ ತಿಳಿಸುವುದು ಶಾಲೆಗೆ ಕಾಲಿಡದೇ ಉಳಿದವರು ಎಷ್ಟು ಎಂಬುದನ್ನು. 15ರವರೆಗೆ ಸೇರದವಳು ಆಮೇಲೆ ಸೇರುವುದು ಅಪರೂಪ.

“ಅಲ್ಲಿಯ ತಂದೆತಾಯಿಗೇ ಹೆಣ್ಣುಮಕ್ಕಳನ್ನು ಓದಿಸುವುದು ಬೇಡ, ಧರ್ಮವೂ ಬಿಡುವುದಿಲ್ಲ.”

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ನಂಬಿಕೆ ಇದು. ಸೆನೆಗಲ್ ಕೂಡ ಬಹುತೇಕ ಮುಸ್ಲಿಮರ ನಾಡು, ನೈಜರ್‌ನಂತೆ ಫ್ರೆಂಚರ ಆಳ್ವಿಕೆಯಲ್ಲಿದ್ದದ್ದು. ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ನೈಜರ್‌ನ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಇದ್ದರೂ ಕೊಲೇಜ್ ಇರುವುದು ದೂರದ ಊರಿನಲ್ಲಿ. ಅಲ್ಲಿ ಹಾಸ್ಟೆಲ್ ಇಲ್ಲದಿದ್ದರೆ 13ರ ಮಗಳನ್ನು ಯಾರದೋ ಮನೆಯಲ್ಲಿ ಬಿಡಬೇಕು. ಯಾವ ತಾಯಿಗೆ ಧೈರ್ಯ ಬಂದೀತು? ಮನೆಯಲ್ಲಿ ಹೌಸಾ ಅಥವಾ ಜರ್ಮಾ ಮಾತನಾಡುವ ಮಗು ಪಾಠ ಕೇಳಬೇಕಾದದ್ದು ಹೆಚ್ಚಾಗಿ ಫ್ರೆಂಚಿನಲ್ಲಿ. ಫೇಲಾಗುತ್ತಾಳೆ, ಮನೆಗೆ ಮರಳುತ್ತಾಳೆ, ಮದುವೆಯ ಮಾತು ಬರುತ್ತದೆ. 2012ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 20–24ರ ಪ್ರಾಯದ ಪ್ರತಿ ನಾಲ್ವರು ಹೆಂಗಸರಲ್ಲಿ ಮೂವರಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಮದುವೆಯಿಂದ ಓದು ನಿಲ್ಲುವಂತೆ ಓದು ನಿಂತದ್ದರಿಂದಲೂ ಮದುವೆ ಬೇಗ ಆಗುತ್ತದೆ. ಹುಡುಗಿಯರನ್ನು 16ರವರೆಗೆ ಶಾಲೆಯಲ್ಲಿ ಉಳಿಸಿಕೊಳ್ಳಬೇಕೆಂದು 2017ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಒಳ್ಳೆಯ ಆದೇಶ. ಆದರೆ ಹತ್ತಿರದಲ್ಲಿ ಶಾಲೆಯೇ ಇಲ್ಲದ ಕಡೆ ಉಳಿಸಿಕೊಳ್ಳುವುದು ಎಲ್ಲಿ?

ಕೀನ್ಯಾದಲ್ಲಿ ತಡೆ ಸರಿದಾಗ ಆದದ್ದನ್ನು ನೋಡಿ. 2003ರ ಜನವರಿಯಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಬಂದು ಸೇರಿದರು. ತಂದೆತಾಯಿಗೆ ಆಸೆ ಮೊದಲೇ ಇತ್ತು, ದುಡ್ಡಿರಲಿಲ್ಲ. ಹಾಗೆಂದು ಇಡೀ ಕೀನ್ಯಾ ಒಂದೇ ಸಮ ಎಂದುಕೊಳ್ಳುವುದೂ ಬೇಡ. ದನಕರು, ಒಂಟೆಗಳ ಜೊತೆ ಅಲೆಯುವ ಜನರಿರುವ ತುರ್ಕಾನಾ, ಮಂದೇರಾದಂಥ ಬರಡು ಜಿಲ್ಲೆಗಳ ಹುಡುಗಿಯರ ಸ್ಥಿತಿ ನೈರೋಬಿಗಿಂತ ನೈಜರ್‌ಗೆ ಹತ್ತಿರ.

“ಶೇಕಡಾವಾರು ಏರುತ್ತಿದೆಯಲ್ಲ, ಇನ್ನೇನು ಚಿಂತೆ?”

ನೈಜರ್‌ನ ಜನಸಂಖ್ಯೆ ವರ್ಷಕ್ಕೆ ಶೇ. 3ಕ್ಕಿಂತ ಹೆಚ್ಚು ಬೆಳೆಯುತ್ತಿದೆ. ಸುಮಾರು 20 ವರ್ಷಕ್ಕೆ ಇಮ್ಮಡಿ. ಲೆಕ್ಕಕ್ಕೆ ಇಟ್ಟುಕೊಳ್ಳಿ: ಇಂದು 100 ಹುಡುಗಿಯರಲ್ಲಿ 20 ಮಂದಿ ಓದುತ್ತಿದ್ದಾರೆ, 80 ಮಂದಿ ಹೊರಗಿದ್ದಾರೆ. 20 ವರ್ಷದ ಬಳಿಕ 200 ಹುಡುಗಿಯರಲ್ಲಿ ಶೇ. 35 ಓದಿದರೆ ಒಳಗೆ 70, ಹೊರಗೆ 130. ಪ್ರಮಾಣ ಏರಿದರೂ ವಂಚಿತರು ಹೆಚ್ಚಾದರು.

ಹಾಗಾದರೆ ಮೊದಲು ಜನಸಂಖ್ಯೆ ತಗ್ಗಿಸಲಿ, ಶಾಲೆ ಆಮೇಲೆ ಎನ್ನುವವರಿದ್ದಾರೆ. ಕೀನ್ಯಾದ ಅನುಭವ ಬೇರೆಯೇ ಹೇಳುತ್ತದೆ. 1970ರ ದಶಕದ ಕೊನೆಗೆ ಅಲ್ಲಿ ಒಬ್ಬ ತಾಯಿಗೆ ಸರಾಸರಿ 8 ಮಕ್ಕಳು. 2022ರ ಸಮೀಕ್ಷೆಯಲ್ಲಿ 3.4. ಈ ಇಳಿಕೆ 2000ದ ಆಸುಪಾಸಿನಲ್ಲಿ ಕೆಲವು ವರ್ಷ ನಿಂತುಹೋಗಿತ್ತು. ಕೀನ್ಯಾವೂ ಸೇರಿ ಹಲವು ಆಫ್ರಿಕನ್ ದೇಶಗಳಲ್ಲಿ ಇಂಥ ತಡೆಗೆ ಒಂದು ಕಾರಣವನ್ನು 2019ರ ಅಧ್ಯಯನವೊಂದು ಗುರುತಿಸಿತು: 1980ರ ದಶಕದಲ್ಲಿ ಹುಡುಗಿಯರ ಶಿಕ್ಷಣಕ್ಕೆ ಬಿದ್ದ ಹೊಡೆತ. ಅಂದು ಶಾಲೆ ತಪ್ಪಿಸಿಕೊಂಡ ಹುಡುಗಿಯರು ತಾಯಂದಿರಾದಾಗ ಅದರ ಪರಿಣಾಮ ಕಂಡಿತ್ತು. ಅಂಥದೇ ಹೊಡೆತ ಇಂದು ನೈಜರ್‌ನಲ್ಲೂ ಬೀಳುತ್ತಿದೆ: ತಿಲಾಬೆರಿ ಪ್ರಾಂತದಲ್ಲಿ ಸಶಸ್ತ್ರ ಗುಂಪುಗಳ ಹಾವಳಿಯಿಂದ ನೂರಾರು ಶಾಲೆಗಳು ಮುಚ್ಚಿವೆ.