ಗಾಜಿನ ತೊಟ್ಟಿಗೆ ತಕ್ಕ ನೀರುಗಿಡಗಳು

ಮನೆಯ ಹಜಾರದಲ್ಲಿ ಮೀನಿನ ತೊಟ್ಟಿ ಇಟ್ಟುಕೊಳ್ಳುವ ಹವ್ಯಾಸ ಈಗ ಪೇಟೆಯವರಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ತೋಟದ ಮನೆಗಳಲ್ಲೂ ಮಕ್ಕಳ ಒತ್ತಾಯಕ್ಕೆ ತೊಟ್ಟಿ ಬಂದು ಕುಳಿತಿದೆ. ಮೀನನ್ನು ಆರಿಸುವಾಗ ಇರುವ ಎಚ್ಚರ ಗಿಡ ಆರಿಸುವಾಗ ಇರುವುದಿಲ್ಲ. ಅಂಗಡಿಯಲ್ಲಿ ಕಣ್ಣಿಗೆ ಕಂಡ ಕೆಂಪೆಲೆಯ ಗಿಡವನ್ನು ತಂದು ನೆಡುತ್ತೇವೆ. ಅದು ತಿಂಗಳೊಳಗೆ ಕೊಳೆಯುತ್ತದೆ. ಬದುಕುಳಿದದ್ದು ವಿಪರೀತ ಹಬ್ಬಿದರೆ ಕಿತ್ತು ಹತ್ತಿರದ ನಾಲೆಗೆ ಎಸೆಯುತ್ತೇವೆ. ಮೊದಲನೆಯದರಿಂದ ನಮ್ಮ ಕೈಗೆ ನಷ್ಟ, ಎರಡನೆಯದರಿಂದ ಇಡೀ ಊರಿಗೆ ನಷ್ಟ. ಇವೆರಡನ್ನೂ ತಪ್ಪಿಸುವ ಬಗೆಯನ್ನು ಇಲ್ಲಿ ವಿವರಿಸಿದ್ದೇವೆ.

ನೆರಳಿನ ಲೆಕ್ಕ

ಕಾಫಿ ಬೆಳೆಯುವವರಿಗೆ ನೆರಳಿನ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರಳು ತೆಗೆದು ಬಿಸಿಲು ಹೆಚ್ಚು ಬಿಟ್ಟರೆ ಗಿಡಕ್ಕೆ ನೀರು, ಗೊಬ್ಬರಗಳೂ ಅದೇ ಪ್ರಮಾಣದಲ್ಲಿ ಹೆಚ್ಚು ಬೇಕಾಗುತ್ತವೆ. ತೊಟ್ಟಿಯಲ್ಲಿಯೂ ಇದೇ ನಿಯಮ. ಬೆಳಕು, ಇಂಗಾಲಾಮ್ಲ, ಪೋಷಕಾಂಶ ಈ ಮೂರೂ ಸಮತೂಕದಲ್ಲಿರಬೇಕು. ಕೆಂಪೆಲೆಯ ಗಿಡಗಳಲ್ಲಿ ಬಹುಪಾಲು ಪ್ರಖರವಾದ ಬೆಳಕನ್ನು ಬೇಡುತ್ತವೆ. ಬೆಳಕು ಕೊಟ್ಟ ಮೇಲೆ ಸಿಲಿಂಡರಿನಿಂದ ಇಂಗಾಲಾಮ್ಲವನ್ನೂ, ಸೀಸೆಯಿಂದ ಗೊಬ್ಬರವನ್ನೂ ಕೊಡಬೇಕಾಗುತ್ತದೆ. ಕೊಡದಿದ್ದರೆ ಆ ಬೆಳಕನ್ನು ಗಿಡದ ಬದಲು ಪಾಚಿ ಉಪಯೋಗಿಸಿಕೊಳ್ಳುತ್ತದೆ.

ಆದ್ದರಿಂದ ಸಿಲಿಂಡರು, ಭಾರಿ ದೀಪಗಳ ಗೋಜಿಲ್ಲದ ತೊಟ್ಟಿಗೆ ನೆರಳನ್ನು ತಡೆಯುವ, ನಿಧಾನವಾಗಿ ಬೆಳೆಯುವ ಗಿಡಗಳೇ ಸೂಕ್ತ. ಸಾಧಾರಣ ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಉರಿಸಿದರೆ ಸಾಕು. ಕಿಟಕಿಯ ನೇರ ಬಿಸಿಲು ತೊಟ್ಟಿಗೆ ಬೀಳದಂತೆ ನೋಡಿಕೊಳ್ಳಬೇಕು.

ನೀರಿನ ಗುಣ

ನಮ್ಮ ಮೈದಾನ ಸೀಮೆಯ ಅನೇಕ ಕೊಳವೆ ಬಾವಿಗಳ ನೀರು ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದೇ ಇದರ ಗುರುತು. ಇದು ಎಲ್ಲ ಗಿಡಗಳಿಗೂ ತೊಂದರೆಯಲ್ಲ. ವಾಲಿಸ್ನೇರಿಯ, ಹೈಡ್ರಿಲ್ಲ, ಹಾರ್ನ್‌ವರ್ಟ್ ಮುಂತಾದವು ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದಲೇ ತಮಗೆ ಬೇಕಾದ ಇಂಗಾಲವನ್ನು ಪಡೆಯಬಲ್ಲವು. ಇಂಥ ನೀರಿರುವವರು ಇವುಗಳಿಂದ ಆರಂಭಿಸುವುದು ಲೇಸು. ಪುರಸಭೆಯ ನಲ್ಲಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟು ಬಳಸಬೇಕು.

ಆರಿಸಿಕೊಳ್ಳಬಹುದಾದ ಗಿಡಗಳು

ವಾಲಿಸ್ನೇರಿಯ: ರಿಬ್ಬನ್ನಿನಂತೆ ಉದ್ದ ಎಲೆ. ನಮ್ಮ ದೇಶದ ಕೆರೆ, ಹೊಳೆಗಳಲ್ಲಿಯೇ ಇರುವ ಗಿಡ. ಮರಳಿನಲ್ಲಿ ಹಂಬು ಹರಿಸಿ ಸಾಲಾಗಿ ಮರಿ ಹಾಕುತ್ತದೆ. ತೊಟ್ಟಿಯ ಹಿಂಬದಿಗೆ ನೆಡಬೇಕು. ಬುಡದ ಬಿಳಿಯ ಭಾಗ ಮರಳಿನ ಮೇಲೆ ಕಾಣುವಂತಿರಲಿ. ಅದನ್ನು ಹೂತರೆ ಕೊಳೆಯುತ್ತದೆ.

ಹಾರ್ನ್‌ವರ್ಟ್: ಬೇರೇ ಇಲ್ಲದ ಗಿಡ. ನೆಡದೆ ತೇಲಬಿಟ್ಟರೂ ಬೆಳೆಯುತ್ತದೆ. ಮೀನಿನ ಹಿಕ್ಕೆಯಿಂದ ನೀರಿಗೆ ಸೇರುವ ಅಮೋನಿಯವನ್ನು ಬೇಗ ಹೀರುವುದರಿಂದ ಹೊಸ ತೊಟ್ಟಿಗೆ ಬಹಳ ಉಪಕಾರಿ.

ಕ್ರಿಪ್ಟೋಕೊರೈನ್: ನಮ್ಮ ಕೆಸುವಿನ ಕುಟುಂಬದ್ದು. ಇದರ ಕೆಲವು ಜಾತಿಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲಿಯೂ ಇವೆ. ಮಂದ ಬೆಳಕು ಸಾಕು. ಜಾಗ ಬದಲಾಯಿಸಿದಾಗ ಎಲೆಗಳೆಲ್ಲ ಕರಗಿಹೋಗುವುದುಂಟು. ಗಿಡ ಸತ್ತಿತೆಂದು ಕಿತ್ತೆಸೆಯಬಾರದು. ಬೇರು ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ಹೊಸ ಎಲೆ ಬರುತ್ತದೆ.

ಅನೂಬಿಯಾಸ್ ಮತ್ತು ಜಾವಾ ಫರ್ನ್: ಮೊದಲನೆಯದು ಆಫ್ರಿಕದ್ದು, ಅದೂ ಕೆಸುವಿನ ಕುಟುಂಬವೇ. ಎರಡನೆಯದು ಏಷ್ಯದ ಜರೀಗಿಡ. ಎರಡಕ್ಕೂ ಶುಂಠಿಯಂತೆ ಅಡ್ಡ ಹರಿಯುವ ಕಾಂಡವಿದೆ. ಅದನ್ನು ಮರಳಿನಲ್ಲಿ ಹೂಳದೆ ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಬೇಕು. ಎಲೆ ದಪ್ಪವಾದ್ದರಿಂದ ಗಿಡ ಕಡಿಯುವ ಮೀನುಗಳೂ ಇವನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ನೀರುಬ್ರಾಹ್ಮಿ: ಗದ್ದೆಯ ಬದುಗಳಲ್ಲಿ ಹರಡುವ, ದಪ್ಪ ಪುಟ್ಟ ಎಲೆಯ ಗಿಡ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಎನ್ನುವ ರೂಢಿಯಿದೆ. ಅದು ಬೇರೆ, ಇದು ಬೇರೆ. ನೀರಿನೊಳಗೂ ಬದುಕುತ್ತದೆ, ಆದರೆ ಮೇಲಿನವುಗಳಿಗಿಂತ ತುಸು ಹೆಚ್ಚು ಬೆಳಕು ಬೇಕು.

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರು ನೀರು ಹಿಡಿಯುತ್ತದೆ. ಅದಕ್ಕೆ ವಾಲಿಸ್ನೇರಿಯದ ಹತ್ತು ಸಸಿ, ಕ್ರಿಪ್ಟೋಕೊರೈನ್ ನಾಲ್ಕೈದು, ಕಲ್ಲಿಗೆ ಕಟ್ಟಿದ ಅನೂಬಿಯಾಸ್ ಒಂದು, ಒಂದು ಹಿಡಿ ಹಾರ್ನ್‌ವರ್ಟ್ ಇದ್ದರೆ ಒಳ್ಳೆಯ ಆರಂಭ. ಒಂದೆರಡು ಗಿಡ ನೆಟ್ಟು ನೋಡೋಣವೆಂದರೆ ಪಾಚಿಯೇ ಮೊದಲು ಜಾಗ ಹಿಡಿಯುತ್ತದೆ. ಖಾಲಿ ಬಿಟ್ಟ ನೆಲದಲ್ಲಿ ಕಳೆ ಬಂದ ಹಾಗೆಯೇ ಇದು.

ಕೊಳ್ಳುವಾಗ

ಅಂಗಡಿಗಳಲ್ಲಿ ನೆಲದ ಗಿಡಗಳನ್ನೂ ನೀರುಗಿಡವೆಂದು ಮಾರುವುದುಂಟು. ಲಕ್ಕಿ ಬ್ಯಾಂಬೂ ಎಂಬುದಕ್ಕೆ ಬೇರು ನೀರಿನಲ್ಲಿದ್ದರೆ ಸಾಕು. ಎಲೆ ಸಮೇತ ಮುಳುಗಿಸಿದರೆ ಕಾಲಕ್ರಮದಲ್ಲಿ ಕೊಳೆತು ನೀರು ಕೆಡಿಸುತ್ತದೆ. ಬಣ್ಣದ ಪಟ್ಟೆಯ ಎಲೆ, ಕಡ್ಡಿಯಂಥ ಗಟ್ಟಿ ಕಾಂಡ ಕಂಡರೆ ಅನುಮಾನಿಸಿ ಕೇಳಿ.

ತಂದ ಗಿಡವನ್ನು ನೇರವಾಗಿ ತೊಟ್ಟಿಗೆ ಹಾಕಬಾರದು. ಚೆನ್ನಾಗಿ ತೊಳೆದು ಬೇರೆ ಬಕೆಟ್ಟಿನಲ್ಲಿ ಎರಡು ವಾರವಾದರೂ ಇಟ್ಟು, ಬಸವನಹುಳು ಮತ್ತು ಅದರ ಮೊಟ್ಟೆ ಇವೆಯೇ ಎಂದು ನೋಡಬೇಕು. ಕೆರೆ ನಾಲೆಗಳಿಂದ ತಂದದ್ದಕ್ಕಂತೂ ಇದು ಕಡ್ಡಾಯ.

ಮಣ್ಣು ಮತ್ತು ಮೈಲುತುತ್ತ

ಅಮೆರಿಕದ ಡಯಾನಾ ವಾಲ್‌ಸ್ಟಡ್ ಅವರು 1999ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಮಣ್ಣಿನ ತಳದ ತೊಟ್ಟಿ ಜನಪ್ರಿಯವಾಯಿತು. ತಳದಲ್ಲಿ ಒಂದು ಅಂಗುಲ ಸಾಧಾರಣ ಮಣ್ಣು, ಅದರ ಮೇಲೆ ಒಂದು ಅಂಗುಲ ತೊಳೆದ ದಪ್ಪ ಮರಳು. ಬೇರೆ ಗೊಬ್ಬರ ಬೇಡ. ಮೊದಲ ಕೆಲವು ವಾರ ಆಗಾಗ ನೀರು ಬದಲಾಯಿಸಿ, ಗಿಡ ನೆಲೆಯೂರಿದ ಮೇಲೆ ಮೀನು ಬಿಡಬೇಕು.

ಬೆಳೆಗಾರರು ಇಲ್ಲಿ ಒಂದು ವಿಷಯ ಗಮನಿಸತಕ್ಕದ್ದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಅಲ್ಲಿಂದ ಇಲ್ಲಿಯವರೆಗೆ ಅಡಕೆ, ಕಾಫಿ ತೋಟಗಳಿಗೆ ಮೈಲುತುತ್ತ ಬೀಳುತ್ತಲೇ ಇದೆ. ಅದರಲ್ಲಿನ ತಾಮ್ರ ಮಳೆಗೆ ಸುಲಭವಾಗಿ ಕೊಚ್ಚಿಹೋಗದೆ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಮೀನು, ಸೀಗಡಿ, ಬಸವನಹುಳುಗಳಿಗೆ ತಾಮ್ರ ಅಲ್ಪ ಪ್ರಮಾಣದಲ್ಲಿಯೂ ವಿಷ. ಹೆಚ್ಚಾದರೆ ನೀರುಗಿಡಕ್ಕೂ ಅಪಾಯ. ಆದ್ದರಿಂದ ಔಷಧಿ ಹೊಡೆದ ತೋಟದ ಮಣ್ಣನ್ನಾಗಲಿ, ರಸಗೊಬ್ಬರ ಉಂಡ ಕಬ್ಬಿನ ಗದ್ದೆಯ ಮಣ್ಣನ್ನಾಗಲಿ ತೊಟ್ಟಿಗೆ ಹಾಕಬಾರದು. ದ್ರಾವಣ ಕಲಸಿದ ಡ್ರಮ್ಮು, ಬಕೆಟ್ಟು, ಮಗ್ಗುಗಳನ್ನು ತೊಳೆದರೂ ತೊಟ್ಟಿಯ ಕೆಲಸಕ್ಕೆ ತರಬಾರದು.

ನಾಲೆಗೆ ಎಸೆಯಬೇಡಿ

ಹಿಂದೆ ಇರ್ವಿನ್ ನಾಲೆ ಎನ್ನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಕನ್ನಂಬಾಡಿಯಿಂದ ಹೊರಟು ಮಂಡ್ಯವನ್ನು ದಾಟಿ ಮದ್ದೂರು, ಮಳವಳ್ಳಿಗಳ ಕೊನೆಯ ಗದ್ದೆಗಳನ್ನು ಮುಟ್ಟಬೇಕು. ಕೊನೆಭಾಗಕ್ಕೆ ನೀರು ಬರಲಿಲ್ಲವೆಂಬ ಕೂಗು ಹಳೆಯದು. ಸೀಳುನಾಲೆಯಲ್ಲಿ ಕಳೆ ಕಟ್ಟಿಕೊಂಡರೆ ಅಷ್ಟು ನೀರಿಗೂ ಅಡ್ಡಿ. ತೊಟ್ಟಿಯಿಂದ ಬಿದ್ದ ಒಂದು ತುಂಡು ಗಿಡ ಇದಕ್ಕೆ ಸಾಲದೆ ಎಂದರೆ, ನಡೆದ ಸಂಗತಿಗಳೇ ಉತ್ತರ ಹೇಳುತ್ತವೆ.

ನಮ್ಮ ಕಡೆಯ ಹೈಡ್ರಿಲ್ಲ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲಾರಿಡಾ ಸೇರಿ, ಅಲ್ಲಿನ ಸರೋವರ, ಕಾಲುವೆಗಳಿಗೆ ದೊಡ್ಡ ಪಿಡುಗಾಯಿತು. ದಕ್ಷಿಣ ಅಮೆರಿಕದ ಸಾಲ್ವೀನಿಯ ಕೇರಳದ ನೀರನ್ನೆಲ್ಲ ಮುಚ್ಚಿತು. ಅದನ್ನು ತಿನ್ನುವ ಪುಟ್ಟ ಮೂತಿಹುಳುವನ್ನು 1982ರಲ್ಲಿ ಆಸ್ಟ್ರೇಲಿಯದಿಂದ ತರಿಸಿ, ಮೊದಲು ಬೆಂಗಳೂರಿನ ಒಂದು ಕೊಳದಲ್ಲಿ ಬಿಟ್ಟು ಪರೀಕ್ಷಿಸಲಾಯಿತು. ಒಂದು ವರ್ಷದೊಳಗೆ ಆ ಕೊಳ ತಿಳಿಯಾಯಿತು. ಬಳಿಕ ಕೇರಳಕ್ಕೂ ಅದೇ ಹುಳುವನ್ನು ಕಳುಹಿಸಿದರು. ಎಲ್ಲ ಕಳೆಗೂ ಇಂಥ ಹುಳು ಸಿಕ್ಕುವುದಿಲ್ಲ. 2020ರಲ್ಲಿ ಕೋಳಿಕ್ಕೋಡು ಜಿಲ್ಲೆಯ ಪೇರಾಂಬ್ರದ ಬಳಿ ನೀರಿನ ತುಂಬ ಗುಲಾಬಿ ಹೂ ಅರಳಿದ್ದನ್ನು ನೋಡಲು ಜನ ಸಾಲುಗಟ್ಟಿದರು. ಆ ಚೆಲುವಿನ ಗಿಡವೂ ಅಕ್ವೇರಿಯಂ ಅಂಗಡಿಗಳಲ್ಲಿ ಸಿಕ್ಕುವ ಕಬೊಂಬದ ಒಂದು ಜಾತಿಯೇ.

ಆದ್ದರಿಂದ ಸಾಲ್ವೀನಿಯ, ಕಬೊಂಬ ಮತ್ತು ನೇರಳೆ ಹೂವಿನ ನೀರು ಹಯಸಿಂತ್ ಇವುಗಳನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಕೊಳ್ಳದಿರುವುದು ಉತ್ತಮ. "ಬಲು ಬೇಗ ಬೆಳೆಯುತ್ತದೆ" ಎಂದು ಅಂಗಡಿಯವರು ಹೊಗಳುವ ಗುಣವೇ ನಾಲೆಯಲ್ಲಿ ಶಾಪವಾಗುತ್ತದೆ.

ತೊಟ್ಟಿಯಿಂದ ಕತ್ತರಿಸಿ ತೆಗೆದ ಯಾವುದೇ ಗಿಡವನ್ನು ಕಣದಲ್ಲಿ ಹರಡಿ, ಗರಿಗರಿಯಾಗಿ ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ. ತೊಟ್ಟಿಯ ನೀರನ್ನು ಚರಂಡಿಗೆ ಬಿಡದೆ ಹಿತ್ತಲಿನ ಬಾಳೆಗೋ ಅಡಕೆ ಸಸಿಯ ಬುಡಕ್ಕೋ ಹಾಕಿದರೆ ಅದೂ ಗೊಬ್ಬರವೇ. ಸಾಕಿದ ಮೀನನ್ನೂ ಕೆರೆಗೆ ಬಿಡಬೇಡಿ. ಬೇಡವಾದರೆ ಸಾಕುವ ಮತ್ತೊಬ್ಬರಿಗೆ ಕೊಡಿ. ಈ ಕೆಲಸಗಳನ್ನು ಮನೆಯ ಮಕ್ಕಳಿಗೇ ವಹಿಸಿ, ಕಾರಣವನ್ನೂ ತಿಳಿಸಿ ಹೇಳಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.