ನಾಟಕ, ಶಾಸನ ಮತ್ತು ಜಾತ್ರೆಯ ಬಯಲು

ಮನರಂಜನೆಗೂ ರಾಜಕಾರಣಕ್ಕೂ ಸಂಬಂಧವಿಲ್ಲವೆಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆಳುವವರಿಗೆ ಮಾತ್ರ ಆ ಭ್ರಮೆ ಇದ್ದಂತಿಲ್ಲ. ಕಲಕತ್ತೆಯ ರಂಗಭೂಮಿಯ ಮೇಲೆ ಬ್ರಿಟಿಷ್ ಯುವರಾಜನ ಭೇಟಿಯನ್ನು ಕುರಿತು ಒಂದು ಪ್ರಹಸನ ನಡೆದುದೇ ನೆಪವಾಗಿ, 1876ರಲ್ಲಿ ನಾಟಕ ಪ್ರದರ್ಶನ ಶಾಸನ ಹುಟ್ಟಿತು. ಸರಕಾರದ ವಿಷಯದಲ್ಲಿ ಅಪ್ರೀತಿಯನ್ನು ಕೆರಳಿಸಬಹುದಾದ ನಾಟಕವನ್ನು ನಿಷೇಧಿಸಲು, ನಟರನ್ನು ಹಿಡಿಯಲು, ಪರದೆ ಪೋಷಾಕುಗಳನ್ನು ಜಪ್ತಿ ಮಾಡಲು ಅದು ಅಧಿಕಾರ ಕೊಟ್ಟಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯೂ, ಅದರೊಳಗಿನ ಕಲಘಟಗಿಯೂ ಈ ಶಾಸನದ ವ್ಯಾಪ್ತಿಗೆ ಒಳಗಾದುವು.

ಆದರೆ ಅದರಲ್ಲಿಯೇ ಒಂದು ವಿನಾಯಿತಿಯಿತ್ತು. ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಜಾತ್ರಾ ಮತ್ತು ಅಂಥ ಪ್ರದರ್ಶನಗಳಿಗೆ ಈ ಶಾಸನ ಅನ್ವಯಿಸುತ್ತಿರಲಿಲ್ಲ. 'ಜಾತ್ರಾ' ಎಂಬುದು ಬಂಗಾಲದ ಬಯಲು ನಾಟಕದ ಹೆಸರು. ನಮ್ಮ ಸೀಮೆಯಲ್ಲಿ ಅದಕ್ಕೆ ಸಮೀಪವಾದುದು ದೊಡ್ಡಾಟ. ಥಿಯೇಟರಿನಲ್ಲಿ ಟಿಕೀಟು ಕೊಂಡು ಕುಳಿತವರಿಗೆ ಸರಕಾರ ಅಂಜಿತು. ದೇವರ ಉತ್ಸವದಲ್ಲಿ ಬೆಳಗಿನವರೆಗೆ ಕುಳಿತವರನ್ನು ಭಕ್ತರೆಂದು ಬಿಟ್ಟಿತು.

ಅದೇ ದಶಕದಲ್ಲಿ ಸಾಂಗಲಿಯ ಕಡೆಯ ಮರಾಠಿ ಮಂಡಳಿಗಳು ನಮ್ಮ ಊರುಗಳಲ್ಲಿ ಜನಮನವನ್ನು ಸೆಳೆದಿದ್ದುವು. ಕನ್ನಡಿಗರು ಕನ್ನಡದಲ್ಲಿಯೇ ನಾಟಕ ನೋಡಬೇಕೆಂದು ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ಗದಗಿನಲ್ಲಿ ನಾಟಕ ಮಂಡಳಿಯನ್ನು ಕಟ್ಟಿದರು. ಅವರು ಆರಿಸಿಕೊಂಡದ್ದು 'ಉಷಾಹರಣ'ದಂಥ ಪುರಾಣವಸ್ತುವನ್ನೇ. ಎಲ್ಲರಿಗೂ ತಿಳಿದ ಕಥೆಯನ್ನು ತಮ್ಮ ನುಡಿಯಲ್ಲಿ ಆಡಿಸುವುದೇ ಆಗ ಒಂದು ಸ್ವಾಭಿಮಾನದ ಕಾರ್ಯವಾಯಿತು.

ಪುರಾಣದ ಈ ಶಕ್ತಿಯನ್ನು ಸರಕಾರ ಅರಿತದ್ದು ಮರಾಠಿ ನಾಟಕವೊಂದರಿಂದ. 1905ರಲ್ಲಿ ಬಂಗಾಲದ ವಿಭಜನೆಯಾಗಿ ದೇಶವೆಲ್ಲ ಕುದಿಯುತ್ತಿತ್ತು. ಲೋಕಮಾನ್ಯ ತಿಲಕರ ಸಹಕಾರಿಯಾಗಿದ್ದ ಕೃಷ್ಣಾಜಿ ಪ್ರಭಾಕರ ಖಾಡಿಲಕರರ 'ಕೀಚಕವಧ' 1907ರಲ್ಲಿ ರಂಗವೇರಿತು. ವಸ್ತು ಮಹಾಭಾರತದ ವಿರಾಟಪರ್ವದ್ದು. ಕರ್ಜನ್‌ನ ಹೆಸರು ನಾಟಕದಲ್ಲಿ ಎಲ್ಲಿಯೂ ಇಲ್ಲ. ಆದರೂ ಕೀಚಕನೆಂದರೆ ಕರ್ಜನ್, ದ್ರೌಪದಿಯೆಂದರೆ ಭಾರತ, ಧರ್ಮರಾಯನೆಂದರೆ ಮಂದಗಾಮಿಗಳು, ಭೀಮನೆಂದರೆ ತೀವ್ರಗಾಮಿಗಳು ಎಂಬುದು ಪ್ರೇಕ್ಷಕರಿಗೆಲ್ಲ ತಿಳಿದಿತ್ತು. ವ್ಯಾಲೆಂಟೈನ್ ಶಿರೋಲ್ ಎಂಬ ಆಂಗ್ಲ ಪತ್ರಕರ್ತ ತನ್ನ 1910ರ ಗ್ರಂಥದಲ್ಲಿ ಇದನ್ನು ಆತಂಕದಿಂದಲೇ ದಾಖಲಿಸಿದ್ದಾನೆ. ಅದೇ ವರ್ಷ ನಾಟಕ ನಿಷೇಧಕ್ಕೊಳಗಾಯಿತು.

ಗ್ರಂಥದಲ್ಲಿಲ್ಲದ ಹೆಸರನ್ನು ಪ್ರೇಕ್ಷಕರು ಹೇಗೆ ಕೇಳಿಸಿಕೊಂಡರು? ಉತ್ತರ ಥಿಯೇಟರಿನ ಹೊರಗಿದೆ. ಕಲಘಟಗಿಯ ಹೆಸರಾಂತ ಬಣ್ಣದ ತೊಟ್ಟಿಲನ್ನೇ ನೋಡಿ. ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಚಿತ್ರಗಳ ನಡುವೆಯೇ ಕೂಸು ಕಣ್ಣು ಬಿಡುತ್ತದೆ. ಬೆಳೆದ ಮೇಲೆ ಅದೇ ಕಥೆಯನ್ನು ದೊಡ್ಡಾಟದ ಅಟ್ಟದ ಮೇಲೆ ಕಿರೀಟ, ಭುಜಕೀರ್ತಿಗಳೊಡನೆ ಕಾಣುತ್ತದೆ. ಮುಂದೇನಾಗುವುದೆಂಬುದು ಮೊದಲೇ ಗೊತ್ತಿರುವ ಇಂಥ ಪ್ರೇಕ್ಷಕನ ಮನಸ್ಸು ಕಥೆಯನ್ನು ಹಿಂಬಾಲಿಸುವ ಶ್ರಮದಿಂದ ಮುಕ್ತವಾಗಿರುತ್ತದೆ. ಈ ಸಲ ಕೀಚಕನ ಮಾತು ಯಾರ ಮಾತನ್ನು ಹೋಲುತ್ತದೆ, ಭೀಮನ ಸಿಟ್ಟು ಎಲ್ಲಿ ಒಂದು ತೂಕ ಹೆಚ್ಚಾಯಿತು ಎಂಬುದನ್ನು ಅದು ಕೂಡಲೇ ಹಿಡಿಯುತ್ತದೆ. ಶಾಸನ ಅಂಜಿದ ಥಿಯೇಟರಿನ ಪ್ರೇಕ್ಷಕನಿಗೆ ಈ ಕಿವಿಯನ್ನು ಕೊಟ್ಟದ್ದು ಶಾಸನ ವಿನಾಯಿತಿ ಕೊಟ್ಟ ಬಯಲು. ನಾಟಕದ ಪ್ರತಿಯನ್ನು ಜಪ್ತಿ ಮಾಡಬಹುದಿತ್ತು. ಈ ತಿಳಿವಳಿಕೆಯನ್ನು ಜಪ್ತಿ ಮಾಡುವ ಕಲಮು ಯಾವ ಶಾಸನದಲ್ಲಿಯೂ ಇರಲಿಲ್ಲ.

1876ರ ಆ ಕೇಂದ್ರ ಶಾಸನ ಸ್ವಾತಂತ್ರ್ಯದ ನಂತರವೂ ಉಳಿದುಕೊಂಡು, 2018ರ ಜನವರಿಯಲ್ಲಿ ರದ್ದಾಯಿತು. ಹಾಗೆಂದು ಕಲಾವಿದನಿಗೆ ಮರೆಯ ಮಾತಿನ ಅಗತ್ಯ ತೀರಿತೆನ್ನಲಾಗದು. ಬಲಿಷ್ಠರನ್ನು ಹೆಸರಿಟ್ಟು ಕರೆಯಲಾಗದ ಸಂದರ್ಭ ಯಾವ ಕಾಲಕ್ಕೂ ಬರುತ್ತದೆ. ಆಗ ಅವನ ಮಾತು ನಮ್ಮನ್ನು ತಲುಪಬೇಕಾದರೆ ಅವನಿಗೂ ನಮಗೂ ಸಮಾನವಾದ ಕಥೆಗಳಿರಬೇಕು. ದೊಡ್ಡಾಟದ ರಾತ್ರಿಗಳು ವಿರಳವಾಗಿ, ಒಬ್ಬೊಬ್ಬರೂ ತಮ್ಮ ತಮ್ಮ ಪರದೆಯ ಮುಂದೆ ಬೇರೆ ಬೇರೆ ಕಥೆ ನೋಡುತ್ತಿರುವ ಈ ದಿನಗಳಲ್ಲಿ, ಹೆಸರಿಲ್ಲದ ಕೀಚಕನೊಬ್ಬ ರಂಗದ ಮೇಲೆ ಬಂದರೆ ಎಷ್ಟು ಜನ ಅವನನ್ನು ಗುರುತಿಸಿಯಾರು? ನಾಟಕಕಾರರಿಗಿಂತ ಮೊದಲು ಪ್ರೇಕ್ಷಕರಾದ ನಾವು ಯೋಚಿಸಬೇಕಾದ ಪ್ರಶ್ನೆಯಿದು.