ಪಂಪು ಕೈಕೊಟ್ಟಾಗ ಮೊದಲು ಪ್ಲಗ್ ನೋಡಿರಿ

ಪೈರು ಬಾಡುವ ಹೊತ್ತಿಗೇ ಪೆಟ್ರೋಲ್ ಪಂಪು ಕೈಕೊಡುವುದುಂಟು. ಹಗ್ಗ ಎಳೆದೆಳೆದು ಸುಸ್ತಾಗುವ ಬದಲು, ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿರಿ.

ತುದಿ ತಿಳಿಕಂದಾಗಿದ್ದರೆ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರಬಹುದು, ಏರ್ ಫಿಲ್ಟರ್ ಕಟ್ಟಿರಲೂಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಹೊಸ ಪ್ಲಗ್ಗನ್ನು ಎಂಜಿನ್ ಪುಸ್ತಕದಲ್ಲಿರುವ ನಂಬರು ನೋಡಿಯೇ ಕೊಳ್ಳಿರಿ. ಉದ್ದ ಹೆಚ್ಚಾದರೆ ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಕೆಟ್ಟೀತು. ಹೋಂಡಾ ಜಿಎಕ್ಸ್ 160 ಎಂಜಿನ್ನಿಗೆ ಎನ್‌ಜಿಕೆ ಬಿಪಿಆರ್6ಇಎಸ್ ಪ್ಲಗ್ ಹೊಂದುತ್ತದೆ, ಸಂದು 0.7ರಿಂದ 0.8 ಮಿ.ಮೀ. ಇರಬೇಕು. ಫೀಲರ್ ಗೇಜಿನಿಂದ ಅಳೆದು, ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲಗೆ ಬಾಗಿಸಿರಿ. ನಡುವಿನ ಕಡ್ಡಿಯನ್ನು ಮೀಟಬೇಡಿರಿ. ಕೂರಿಸುವಾಗ ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಒಂದು ಪ್ಲಗ್ ಸದಾ ಮನೆಯಲ್ಲಿರಲಿ. ಪೇಟೆಗೆ ಹೋಗಿ ಬರುವಷ್ಟರಲ್ಲಿ ಪೈರಿಗೆ ಒಂದು ನೀರು ತಪ್ಪೀತು.